ಮೊದಲು ಒಂದು ಸಿಲಿಂಡರ್ ಮಾಡಿ, ಲೋಡರ್ ಆಮೇಲೆ

ಓದುಗರ ಪ್ರಶ್ನೆ – ಕೈಕೆಲಸ ವಿಭಾಗ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಲೋಹದಲ್ಲಿ ಪುಟ್ಟ ವೀಲ್ ಲೋಡರ್ (ಬಕೆಟ್ಟಿನಿಂದ ಮಣ್ಣು, ಜಲ್ಲಿ ಎತ್ತಿ ಹಾಕುವ ಗಾಡಿ) ಮಾಡುವುದು, ಅದೂ ನಿಜವಾದ ಯಂತ್ರದ ಹಾಗೆ ಹೈಡ್ರಾಲಿಕ್‌ನಿಂದಲೇ, ಅಂದರೆ ಎಣ್ಣೆಯ ಒತ್ತಡದಿಂದಲೇ, ಬಕೆಟ್ ಏಳುವಂಥದ್ದು. ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಉತ್ತರ ಉದ್ದ ಇದೆ, ಉಳಿದವರೂ ಅದನ್ನು ಓದಿಕೊಂಡರೆ ಒಳ್ಳೆಯದು.

ಪ್ರಶ್ನೆ: ನಮಸ್ಕಾರ ಸರ್. ನಾನು ತೀರ್ಥಹಳ್ಳಿಯವನು, ಮೆಕ್ಯಾನಿಕಲ್ ಡಿಪ್ಲೊಮಾ ಕೊನೆಯ ವರ್ಷ. ನಮ್ಮೂರ ಹತ್ತಿರದ ಜಲ್ಲಿ ಕ್ರಷರಿನಲ್ಲಿ ಲೋಡರ್ ಕೆಲಸ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದನ್ನೇ 1:14 ಅಳತೆಯಲ್ಲಿ, ಪೂರ್ತಿ ಲೋಹದಲ್ಲಿ, ರಿಮೋಟ್‌ನಲ್ಲಿ ಓಡುವ ಹಾಗೆ ಮಾಡಬೇಕು ಅಂತ ಆಸೆ. ಚಾಸಿಯ ಡ್ರಾಯಿಂಗ್ ಮುಗಿದಿದೆ, ಮುಂದಿನ ವಾರ ಪ್ಲೇಟು ಕತ್ತರಿಸಲು ಕೊಡುತ್ತೇನೆ. ಪಂಪು, ವಾಲ್ವು, ಸಿಲಿಂಡರ್ ಎಲ್ಲವನ್ನೂ ನಾನೇ ಮಾಡಬಹುದಾ? ಎಷ್ಟು ಒತ್ತಡ ಬೇಕು? ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕಾ?

ಉತ್ತರ: ಪ್ಲೇಟು ಕತ್ತರಿಸಲು ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಿ. ನಿಮ್ಮ ಡ್ರಾಯಿಂಗ್ ಚೆನ್ನಾಗಿಯೇ ಇರಬಹುದು, ಆದರೆ ಅದರಲ್ಲಿರುವ ಪ್ರತಿಯೊಂದು ಪಿನ್ ತೂತಿನ ಜಾಗವೂ ಸಿಲಿಂಡರಿನ ಉದ್ದದ ಮೇಲೆ ನಿಂತಿದೆ, ಮುಚ್ಚಿದಾಗ ಎಷ್ಟು, ತೆರೆದಾಗ ಎಷ್ಟು ಅನ್ನುವುದರ ಮೇಲೆ. 60 ಮಿ.ಮೀ. ಸ್ಟ್ರೋಕ್ (ರಾಡು ಹೊರಬರುವ ದೂರ) ಇರುವ ಸಿಲಿಂಡರ್ ಮುಚ್ಚಿದಾಗ 60 ಮಿ.ಮೀ. ಇರುವುದಿಲ್ಲ. ಪಿಸ್ಟನ್ ದಪ್ಪ, ಮುಂದಿನ ಗ್ಲ್ಯಾಂಡ್ (ರಾಡು ಹೊರಬರುವ ಕಡೆಯ ಮುಚ್ಚಳ), ಹಿಂದಿನ ಮುಚ್ಚಳ, ಎರಡೂ ಕಡೆಯ ಕಣ್ಣು ಎಲ್ಲ ಸೇರಿ 105ರಿಂದ 110 ಮಿ.ಮೀ. ಆಗಿಬಿಡುತ್ತದೆ. ಕಾಗದದ ಮೇಲೆ 100 ಅಂತ ಬರೆದುಕೊಂಡು ಪ್ಲೇಟು ಕತ್ತರಿಸಿದರೆ ಬಕೆಟ್ ಎತ್ತುವ ತೋಳು, ಅಂದರೆ ಆರ್ಮು, ನೆಲಕ್ಕೆ ಬರುವುದೇ ಇಲ್ಲ. ಅದಕ್ಕೇ ಹೇಳುತ್ತೇನೆ, ಮೊದಲು ಒಂದೇ ಒಂದು ಸಿಲಿಂಡರ್ ಮಾಡಿ. ಅದು ಸೋರದೆ ನಿಂತ ಮೇಲೆ ಉಳಿದ ಅಳತೆಗಳನ್ನು ಅದರಿಂದ ತೆಗೆಯಿರಿ.

ಒತ್ತಡದ ಲೆಕ್ಕ ಸುಲಭ. ಒಳ ವ್ಯಾಸ 12 ಮಿ.ಮೀ. ಇದ್ದರೆ ಪಿಸ್ಟನ್ನಿನ ಮುಖ 113 ಚದರ ಮಿ.ಮೀ. 20 ಬಾರ್ ಅಂದರೆ ಚದರ ಮಿ.ಮೀ.ಗೆ 2 ನ್ಯೂಟನ್. ಅಲ್ಲಿಗೆ ತಳ್ಳುವ ಬಲ 226 ನ್ಯೂಟನ್, ಸುಮಾರು 23 ಕೆ.ಜಿ. ಭಾರ. ಎಳೆಯುವಾಗ 6 ಮಿ.ಮೀ. ರಾಡು ಆಕ್ರಮಿಸಿದ ಜಾಗ ಕಳೆಯಬೇಕು, ಆಗ ಸುಮಾರು 17 ಕೆ.ಜಿ. ಉಳಿಯುತ್ತದೆ. ಆರ್ಮ್ ಎತ್ತಲು ಇಂಥವು ಎರಡು ಇರುತ್ತವೆ ಅಲ್ವಾ, ಒಟ್ಟು 452 ನ್ಯೂಟನ್. ಆರ್ಮಿನ ಪಿನ್ನಿನಿಂದ ಸಿಲಿಂಡರಿನ ಗೆರೆಗೆ 50 ಮಿ.ಮೀ. ದೂರ, ಬಕೆಟ್ಟಿಗೆ 200 ಮಿ.ಮೀ. ದೂರ ಅಂತ ಇಟ್ಟುಕೊಂಡರೆ ಬಕೆಟ್ ಬಳಿ ಸಿಗುವುದು ಅದರ ನಾಲ್ಕರಲ್ಲಿ ಒಂದು ಭಾಗ, 11 ಕೆ.ಜಿ. ಚಿಲ್ಲರೆ. ಅದರಲ್ಲಿ ಆರ್ಮಿನ ತೂಕವೂ ಬಕೆಟ್ಟಿನ ತೂಕವೂ ಹೋಗುತ್ತದೆ.

ಇದು ಕಮ್ಮಿ ಅನ್ನಿಸಿದರೆ ಇನ್ನೊಂದು ಲೆಕ್ಕ ನೋಡಿ. 1:14 ಅಂದರೆ ಉದ್ದ, ಅಗಲ, ಎತ್ತರ ಮೂರೂ 14ರಲ್ಲಿ ಒಂದು ಪಾಲು, ತೂಕ 14×14×14, ಅಂದರೆ 2,744ರಲ್ಲಿ ಒಂದು ಪಾಲು. 10 ಟನ್ನಿನ ಲೋಡರ್ ನಿಮ್ಮ ಮೇಜಿನ ಮೇಲೆ 3.6 ಕೆ.ಜಿ. ಆಗಬೇಕು. ಸ್ಟೀಲಿನಲ್ಲಿ ಮಾಡಿದರೆ ಅದಕ್ಕಿಂತ ಜಾಸ್ತಿಯೇ ಆಗುತ್ತದೆ, ಆದರೂ 11 ಕೆ.ಜಿ. ಎತ್ತುವ ಮೊದಲೇ ಗಾಡಿಯ ಹಿಂದಿನ ಚಕ್ರ ಮೇಲೇಳುತ್ತದೆ. ನಿಜವಾದ ಲೋಡರಿನಲ್ಲೂ ಹೀಗೆಯೇ. ಪೂರ್ತಿ ತಿರುಗಿ ನಿಂತಾಗ ಎಷ್ಟು ಭಾರಕ್ಕೆ ಗಾಡಿ ಮುಗ್ಗರಿಸುತ್ತದೋ ಅದರ ಅರ್ಧವನ್ನೇ ಅದು ಹೊರಬಹುದಾದ ಭಾರ ಅಂತ ಕಂಪನಿಯವರು ಬರೆಯುವುದು. ಹಾಗಾಗಿ 20 ಬಾರ್ ಧಾರಾಳ ಸಾಕು, 30ರ ಮೇಲೆ ಹೋಗಲೇಬೇಡಿ. ದೊಡ್ಡ ಯಂತ್ರಗಳು 200 ಬಾರ್ ದಾಟಿ ಕೆಲಸ ಮಾಡುತ್ತವೆ ಅಂತ ನಾವೂ ಒತ್ತಡ ಏರಿಸುತ್ತಾ ಹೋದರೆ ಸೋರಿಕೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಹಿಂದಿನ ಭಾರಕ್ಕೆ ಒಳ್ಳೆಯ ದಪ್ಪ ಸ್ಟೀಲ್ ತುಂಡು ಹಾಕಿ, ಅದೇ ಹೆಚ್ಚು ಉಪಯೋಗ.

ಈಗ ಸಿಲಿಂಡರ್ ಮಾಡುವ ವಿಷಯ. 16 ಮಿ.ಮೀ. ಹಿತ್ತಾಳೆ ರಾಡ್ ತೆಗೆದುಕೊಳ್ಳಿ. ಲೇತಿನಲ್ಲಿ 11.8ರ ಡ್ರಿಲ್ ಹಾಕಿ, ತೂತನ್ನು ಸರಿಯಾದ ಅಳತೆಗೆ ತರುವ 12ರ ರೀಮರ್ ಎಳೆಯಿರಿ, ಹೊರಗೆ 15ಕ್ಕೆ ಇಳಿಸಿ. ಗೋಡೆ ಒಂದೂವರೆ ಮಿ.ಮೀ. ಉಳಿಯುತ್ತದೆ, ಈ ಒತ್ತಡಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. 14ರಿಂದ ಗುಣಿಸಿ ನೋಡಿದರೆ ನಿಜವಾದ ಸಿಲಿಂಡರಿಗಿಂತ ಸ್ವಲ್ಪ ದಪ್ಪ ಕಾಣುತ್ತದೆ, ಮೊದಲನೇ ಗಾಡಿಗೆ ಪರವಾಗಿಲ್ಲ. ಒಳಗೆ 600, 800, ಆಮೇಲೆ 1200 ನಂಬರಿನ ಎಮರಿ ಪೇಪರನ್ನು ಕಡ್ಡಿಗೆ ಸುತ್ತಿ, ಎಣ್ಣೆ ಹಾಕಿ, ತಿರುಗಿಸುತ್ತಾ ಹಿಂದೆ ಮುಂದೆ ಆಡಿಸಿ. ಪಿಸ್ಟನ್ 11.95. ಅದಕ್ಕೆ 9×1.5 ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ, ಒಳ ವ್ಯಾಸ 9, ದಪ್ಪ 1.5), ಅದು ಕೂರುವ ತೋಡಿನ ತಳದ ವ್ಯಾಸ 9.4, ಅಗಲ 2. ಮುಂದಿನ ಗ್ಲ್ಯಾಂಡಿನಲ್ಲಿ 6×1.5 ಓ-ರಿಂಗ್, ಅಲ್ಲಿ ತಳದ ವ್ಯಾಸ 8.6. ಈ ಅಳತೆಯಲ್ಲಿ ರಿಂಗು ನೂರಕ್ಕೆ ಹನ್ನೊಂದರಿಂದ ಹದಿಮೂರು ಪಾಲು ಅದುಮಿಕೊಳ್ಳುತ್ತದೆ. ಅದಕ್ಕಿಂತ ಬಿಗಿ ಮಾಡಿದರೆ ಸೋರುವುದಿಲ್ಲ ನಿಜ, ಆದರೆ ರಾಡು ತಡೆದು ತಡೆದು ಓಡುತ್ತದೆ, ಬಕೆಟ್ ಜರ್ಕ್ ಹೊಡೆಯುತ್ತದೆ.

ರಾಡಿಗೆ ಹೊಸದನ್ನೇ ಹುಡುಕಬೇಕಾಗಿಲ್ಲ. ಗುಜರಿಯಲ್ಲಿ ಹಳೇ ಪ್ರಿಂಟರ್ ಸಿಕ್ಕರೆ ಅದರ ಹೆಡ್ ಓಡಾಡುವ ಸ್ಟೀಲ್ ಕಡ್ಡಿ ನೋಡಿ, ಗ್ರೈಂಡ್ ಆಗಿ ಕನ್ನಡಿ ಹಾಗಿರುತ್ತದೆ. 6 ಮಿ.ಮೀ. ಇದ್ದರೆ ನೇರವಾಗಿ ಉಪಯೋಗಿಸಬಹುದು, ದಪ್ಪ ಇದ್ದರೆ ಗ್ಲ್ಯಾಂಡಿನ ಅಳತೆ ಅದಕ್ಕೆ ಹೊಂದಿಸಿ. ಕಾರಿನ ಡಿಕ್ಕಿ ಎತ್ತುವ ಗ್ಯಾಸ್ ಸ್ಪ್ರಿಂಗ್ ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ. ಒಳಗೆ ಭಾರೀ ಒತ್ತಡದ ಗ್ಯಾಸ್ ತುಂಬಿರುತ್ತದೆ.

ಓ-ರಿಂಗು ನೈಟ್ರೈಲ್ ಅನ್ನುವ ರಬ್ಬರಿನದ್ದು ಇರಲಿ. ಬ್ರೇಕ್ ರಿಪೇರಿ ಕಿಟ್ಟಿನ ರಬ್ಬರು ಬೇಡ. ಅದು ಬ್ರೇಕ್ ಆಯಿಲ್‌ಗೆ ಮಾಡಿದ್ದು, ಖನಿಜ ಎಣ್ಣೆಯಲ್ಲಿ ಉಬ್ಬುತ್ತದೆ. ನೈಟ್ರೈಲ್ ಅದಕ್ಕೆ ಉಲ್ಟಾ, ಬ್ರೇಕ್ ಆಯಿಲ್‌ನಲ್ಲಿ ಕೆಡುತ್ತದೆ. ನಮಗೆ ಬೇಕಾಗುವುದು 22 ಅಥವಾ 32 ಗ್ರೇಡಿನ ಹೈಡ್ರಾಲಿಕ್ ಎಣ್ಣೆ. ಎಣ್ಣೆ ಒಳಗೆ ಬರುವ ತೂತಿನ ಒಳ ಅಂಚು ಬ್ಲೇಡಿನ ಹಾಗಿರುತ್ತದೆ, ಪಿಸ್ಟನ್ ಕೂರಿಸುವಾಗ ಓ-ರಿಂಗ್ ಅದರ ಮೇಲೆ ಹಾದರೆ ಸಣ್ಣ ಚೂರು ಕಿತ್ತು ಬರುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಆಮೇಲೆ ಎಲ್ಲಿಂದ ಸೋರುತ್ತಿದೆ ಅಂತ ಹುಡುಕುತ್ತಾ ಕೂರಬೇಕು. ಆ ಅಂಚನ್ನು ಸವರಿ ನುಣುಪು ಮಾಡಿ. ಸಿಲಿಂಡರಿನ ಬಾಯಿಗೂ ಇಳಿಜಾರು ಕೊಡಿ.

ಸೀಲ್ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 1795ರಲ್ಲಿ ಲಂಡನ್ನಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ತೆಗೆದುಕೊಂಡರು. ಅವರಿಗೂ ಕಾಡಿದ್ದು ಇದೇ ಸೋರಿಕೆ. ಒತ್ತಡ ಏರಿದಷ್ಟೂ ತಾನಾಗಿ ಬಿಗಿಯಾಗುವ ತೊಗಲಿನ ಸೀಲ್ ಬಂದ ಮೇಲೆ ಪ್ರೆಸ್ಸು ಕೆಲಸಕ್ಕೆ ಬಂತು. ಆ ಸೀಲನ್ನು ಮಾಡಿದ್ದು ಬ್ರಾಮಾ ಅವರ ವರ್ಕ್‌ಶಾಪಿನಲ್ಲೇ ಕೆಲಸಕ್ಕಿದ್ದ ಹೆನ್ರಿ ಮಾಡ್ಸ್ಲೆ ಎನ್ನುತ್ತಾರೆ. ನಮ್ಮ ಪುಟ್ಟ ಓ-ರಿಂಗ್ ಮಾಡುವುದೂ ಅದನ್ನೇ. ಎಣ್ಣೆ ಅದನ್ನು ತೋಡಿನ ಒಂದು ಪಕ್ಕಕ್ಕೆ ಒತ್ತುತ್ತದೆ, ಒತ್ತಿದಷ್ಟೂ ಅದು ಗೋಡೆಗೆ ಅಂಟಿಕೊಳ್ಳುತ್ತದೆ.

ಸಿಲಿಂಡರಿನ ಹಿಂದಿನ ಮುಚ್ಚಳಕ್ಕೆ ಬೆಳ್ಳಿ ಬೆಸುಗೆ ಒಳ್ಳೆಯದು. ಪರಿಚಯದ ಅಕ್ಕಸಾಲಿಗರಿದ್ದರೆ ಅವರ ಪಕ್ಕ ಒಂದು ದಿನ ಕೂತು ನೋಡಿ. ಉರಿ ಎಲ್ಲಿಗೆ ತೋರಿಸಬೇಕು, ಬೆಸುಗೆ ಯಾವಾಗ ಹರಿಯುತ್ತದೆ ಅನ್ನುವುದನ್ನು ಅವರಷ್ಟು ಚೆನ್ನಾಗಿ ಯಾರೂ ತೋರಿಸಲಾರರು. ಕ್ಯಾಡ್ಮಿಯಂ ಇಲ್ಲದ ಬೆಸುಗೆ ಕಡ್ಡಿಯನ್ನೇ ಕೇಳಿ ತನ್ನಿ, ಕ್ಯಾಡ್ಮಿಯಂ ಹೊಗೆ ವಿಷ. ಗ್ಲ್ಯಾಂಡ್ ಕಡೆ ಸಣ್ಣ ಪಿಚ್ಚಿನ ಥ್ರೆಡ್ ಹಾಕಿ, ಸೀಲ್ ಬದಲಾಯಿಸಲು ಬಿಚ್ಚಬೇಕಾಗುತ್ತದೆ.

ಪರೀಕ್ಷೆ ಎಣ್ಣೆಯಲ್ಲೇ ಮಾಡಿ, ಗಾಳಿಯಲ್ಲಿ ಬೇಡ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸುಲಭಕ್ಕೆ ಸಿಗುತ್ತದೆ ಅಂತ ಅದನ್ನು ಜೋಡಿಸುವವರಿದ್ದಾರೆ. ಅದುಮಿದ ಗಾಳಿ ಬಲವನ್ನು ಕೂಡಿಟ್ಟುಕೊಂಡಿರುತ್ತದೆ, ಮುಚ್ಚಳ ಕಿತ್ತರೆ ಗುಂಡಿನಂತೆ ಹಾರುತ್ತದೆ. ಎಣ್ಣೆ ಹಾಗಲ್ಲ, ಒಂದು ಹನಿ ಹೊರಬಿದ್ದರೂ ಒತ್ತಡ ಇಳಿದುಹೋಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಸೋರುವ ಜಾಗವನ್ನು ಬೆರಳಿನಿಂದ ಮುಟ್ಟಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. ಆಮೇಲೆ ಎರಡೂ ಬಾಯಿ ಮುಚ್ಚಿ, ಭಾರ ತೂಗುಹಾಕಿ, ರಾಡಿನ ಮೇಲೆ ಪೆನ್ನಿನಲ್ಲಿ ಗುರುತು ಮಾಡಿ ರಾತ್ರಿ ಬಿಡಿ. ಬೆಳಿಗ್ಗೆ ಗುರುತು ಅಲ್ಲೇ ಇದ್ದರೆ ಅದೇ ಅಳತೆಯಲ್ಲಿ ಉಳಿದ ನಾಲ್ಕನ್ನೂ ಶುರು ಮಾಡಿ. ಆರ್ಮಿಗೆ ಎರಡು, ಬಕೆಟ್ಟಿಗೆ ಒಂದು, ಸ್ಟೇರಿಂಗಿಗೆ ಎರಡು, ಒಟ್ಟು ಐದು.

ಪಂಪು ನೀವೇ ಮಾಡಬೇಡಿ. ಗೇರ್ ಪಂಪಿನಲ್ಲಿ ಹಲ್ಲಿಗೂ ಗೋಡೆಗೂ ಇರುವ ಸಂದು ಒಂದು ಮಿ.ಮೀ.ನ ನೂರರಲ್ಲಿ ಎರಡು ಮೂರು ಪಾಲು ಅಷ್ಟೆ. ಕಾಲೇಜು ಲೇತಿನಲ್ಲಿ ಅದನ್ನು ಹಿಡಿಯುವುದು ಕಷ್ಟ. ಮಾಡೆಲ್‌ಗಳಿಗೆಂದೇ ಬರುವ ಪಂಪು, ಸರ್ವೋದಿಂದ (ರಿಮೋಟ್ ಹೇಳಿದಷ್ಟು ತಿರುಗುವ ಪುಟ್ಟ ಮೋಟರ್) ತಿರುಗುವ ವಾಲ್ವ್ ಬ್ಲಾಕ್ ಕೊಳ್ಳಿ. ಈ ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಅದೇ, ಅದಕ್ಕೆ ಹಣ ಎತ್ತಿಡಿ. ಪಂಪು ಎಷ್ಟು ದೊಡ್ಡದಿರಬೇಕು ಅಂದರೆ, ಎರಡು ಲಿಫ್ಟ್ ಸಿಲಿಂಡರ್ ಪೂರ್ತಿ ತೆರೆಯಲು 13.6 ಮಿ.ಲೀ. ಎಣ್ಣೆ ಬೇಕು. ಆರ್ಮ್ 4 ಸೆಕೆಂಡಿನಲ್ಲಿ ಏಳಬೇಕಾದರೆ ನಿಮಿಷಕ್ಕೆ ಸುಮಾರು 200 ಮಿ.ಲೀ. 20 ಬಾರ್‌ನಲ್ಲಿ ಇದಕ್ಕೆ ಎಣ್ಣೆಯ ಲೆಕ್ಕದಲ್ಲಿ 7 ವಾಟ್ ಸಾಕು, ಸಣ್ಣ ಪಂಪುಗಳಲ್ಲಿ ನಷ್ಟ ಜಾಸ್ತಿ, ಆದ್ದರಿಂದ ಮೋಟರಿಗೆ 20 ವಾಟ್ ಹಿಡಿದುಕೊಳ್ಳಿ. ಒತ್ತಡ ಮಿತಿ ಮೀರಿದರೆ ಎಣ್ಣೆಗೆ ದಾರಿ ಬಿಡುವ ರಿಲೀಫ್ ವಾಲ್ವ್ ಇಲ್ಲದೆ ಪಂಪನ್ನು ಒಂದು ಕ್ಷಣವೂ ಓಡಿಸಬೇಡಿ. ಸಿಲಿಂಡರ್ ತುದಿ ಮುಟ್ಟಿದ ಮೇಲೆ ಎಣ್ಣೆಗೆ ಹೋಗಲು ದಾರಿ ಬೇಕಲ್ಲ. ಜೋಡಿಸುವ ಮೊದಲು ಪ್ರತಿ ಭಾಗವನ್ನೂ ತೊಳೆಯಿರಿ. ಹಿತ್ತಾಳೆಯ ಒಂದು ಸಣ್ಣ ಚೂರು ವಾಲ್ವಿಗೆ ಹೋದರೂ ಆರ್ಮು ತನ್ನಷ್ಟಕ್ಕೆ ಇಳಿಯಲು ಶುರುವಾಗುತ್ತದೆ.

ಬೆಂಗಳೂರಿಗೆ ಯಾಕೆ ಹೋಗಬೇಕು? 1923ರಿಂದ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿದ ಜಿಲ್ಲೆ ನಮ್ಮದು. ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿಗಳಿವೆ, ಮೆಷಿನ್ ಶಾಪ್‌ಗಳಿವೆ. ಅಲ್ಲಿ ಉಳಿಯುವ ತುಂಡು ರಾಡುಗಳೇ ನಮ್ಮ ಸಿಲಿಂಡರಿಗೆ ಸಾಕು. ಡ್ರಾಯಿಂಗ್ ಹಿಡಿದುಕೊಂಡು, ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಕೇಳಿ. ಕೆಲಸದ ಗಡಿಬಿಡಿಯಲ್ಲಿ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ, ಬಿಡುವಿನಲ್ಲಿ ಕೇಳಿದರೆ ಟರ್ನರ್‌ಗಳು ತಾವೇ ಆಸೆಪಟ್ಟು ಮಾಡಿಕೊಡುತ್ತಾರೆ.

ಕೊನೆಗೆ ಅಳತೆಯ ಒಂದು ಮಾತು. 1:14 ಅಂತ ಮೊದಲೇ ಗಟ್ಟಿ ಮಾಡಬೇಡಿ, ಟೈರ್ ಸಿಕ್ಕ ಮೇಲೆ ಗಟ್ಟಿ ಮಾಡಿ. ದೊಡ್ಡ ಲೋಡರಿಗೆ ಹಾಕುವ 17.5-25 ನಂಬರಿನ ಟೈರಿನ ಎತ್ತರ ಸುಮಾರು 1.35 ಮೀಟರ್. ಅದು 1:14ರಲ್ಲಿ 96 ಮಿ.ಮೀ. ನಿಮಗೆ 90ರ ಟೈರ್ ಸಿಕ್ಕರೆ ಗಾಡಿಯನ್ನು 1:15 ಮಾಡಿ. ಲೋಹವನ್ನು ಬೇಕಾದ ಅಳತೆಗೆ ಕತ್ತರಿಸಬಹುದು, ರಬ್ಬರ್ ಟೈರನ್ನು ಹಾಗೆ ಮಾಡಲಾಗುವುದಿಲ್ಲ.

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವನು. ಕಲ್ಲು ಕ್ವಾರಿಯಲ್ಲಿ ಲೋಡರ್ ಆಪರೇಟರ್ ಆಗಿದ್ದು ಈಗ ಮನೆಯಲ್ಲಿದ್ದೇನೆ. ಮೊಮ್ಮಗನಿಗೆ ಅಂತ ಎರಡು ಮಿ.ಮೀ. ತಗಡಿನಲ್ಲಿ ಲೋಡರ್ ಮಾಡುತ್ತಿದ್ದೇನೆ. ಆರ್ಮ್ ಎತ್ತಿದ ಹಾಗೆ ಬಕೆಟ್ ಮುಂದಕ್ಕೆ ಬಾಗಿ ಮಣ್ಣೆಲ್ಲ ಚೆಲ್ಲುತ್ತದೆ. ದೊಡ್ಡ ಗಾಡಿಯಲ್ಲಿ ಹಾಗಾಗುತ್ತಿರಲಿಲ್ಲ. ಸ್ಟೇರಿಂಗ್ ಕೂಡ ಒಂದು ಕಡೆ ಬೇಗ, ಒಂದು ಕಡೆ ನಿಧಾನ.

ಉತ್ತರ: ಯಜಮಾನರೇ, ಆ ಗಾಡಿಯ ಮೇಲೆ ವರ್ಷಗಟ್ಟಲೆ ಕೂತವರು ನೀವು, ಬಕೆಟ್ ಹೇಗೆ ನಡೆಯಬೇಕು ಅಂತ ನಿಮ್ಮ ಕಣ್ಣಿಗೆ ಗೊತ್ತು. ಉಳಿದಿರುವುದು ಪಿನ್ನುಗಳ ಜಾಗ ಹಿಡಿಯುವುದು. ಬಕೆಟ್ ಸಿಲಿಂಡರಿಗೂ ಬಕೆಟ್ಟಿಗೂ ನಡುವೆ ಆರ್ಮಿನ ಮೇಲೆ ಒಂದು ತೂಗುವ ಲಿವರ್ ಇರುತ್ತದಲ್ಲ, ಅದರ ಮೇಲಿನ ತುದಿಯನ್ನು ಸಿಲಿಂಡರ್ ತಳ್ಳುತ್ತದೆ, ಕೆಳಗಿನ ತುದಿ ಕೊಂಡಿ ಹಿಡಿದು ಬಕೆಟ್ಟನ್ನು ಹಿಂದಕ್ಕೆ ಎಳೆಯುತ್ತದೆ. ಮಣ್ಣು ಕೀಳುವಾಗ ಸಿಲಿಂಡರ್ ತೆರೆಯುವ ಕಡೆಗೆ ಕೆಲಸ ಮಾಡುವುದರಿಂದ ಪೂರ್ತಿ ಪಿಸ್ಟನ್ನಿನ ಬಲ ಸಿಗುತ್ತದೆ. ಈ ಜೋಡಣೆಗೆ ಝಡ್-ಬಾರ್ ಅನ್ನುತ್ತಾರೆ.

ಬಕೆಟ್ ಸಿಲಿಂಡರ್ ಅಲ್ಲಾಡದೆ ಇದ್ದಾಗಲೂ ಆರ್ಮ್ ಏಳುತ್ತಿದ್ದಂತೆ ಲಿವರ್ ತಾನಾಗಿ ತಿರುಗುತ್ತದೆ. ಎಷ್ಟು ತಿರುಗಬೇಕು ಅನ್ನುವುದನ್ನು ತೀರ್ಮಾನಿಸುವುದು ಚಾಸಿಯ ಮೇಲೆ ಬಕೆಟ್ ಸಿಲಿಂಡರಿನ ಹಿಂದಿನ ಪಿನ್ ಎಲ್ಲಿದೆ ಅನ್ನುವುದು, ಜೊತೆಗೆ ಲಿವರಿನ ಎರಡು ತೋಳುಗಳ ಉದ್ದ. ತಗಡಿನಲ್ಲಿ ಮತ್ತೆ ಮತ್ತೆ ತೂತು ಕೊರೆಯಬೇಡಿ. ದಪ್ಪ ರಟ್ಟಿನಲ್ಲಿ ಆರ್ಮ್, ಲಿವರ್, ಕೊಂಡಿ, ಬಕೆಟ್ ಕತ್ತರಿಸಿ, ಮರದ ಹಲಗೆಯ ಮೇಲೆ ಗುಂಡುಸೂಜಿ ಚುಚ್ಚಿ ಜೋಡಿಸಿ, ಸಿಲಿಂಡರಿನ ಬದಲು ಒಂದು ಪಟ್ಟಿ ಇಡಿ. ಆರ್ಮ್ ಎತ್ತಿ ನೋಡಿ, ಹಿಂದಿನ ಸೂಜಿಯನ್ನು ಸ್ವಲ್ಪ ಸ್ವಲ್ಪವೇ ಸರಿಸಿ. ನೆಲದಲ್ಲಿ ಬಕೆಟ್ 45 ಡಿಗ್ರಿ ಹಿಂದಕ್ಕೆ ಮಡಚಬೇಕು, ಪೂರ್ತಿ ಎತ್ತಿದಾಗ 45 ಡಿಗ್ರಿ ಮುಂದಕ್ಕೆ ಸುರಿಯಬೇಕು, ಈ ಎರಡನ್ನು ಗುರಿ ಇಟ್ಟುಕೊಳ್ಳಿ. ನಡುವೆ ಸ್ವಲ್ಪ ಕೋನ ಬದಲಾಗುವುದು ದೊಡ್ಡ ಗಾಡಿಯಲ್ಲೂ ಇದೆ. ಪರಿಚಯದವರ ಲೋಡರ್ ಹತ್ತಿರದಲ್ಲಿದ್ದರೆ ದೂರ ನಿಂತು, ಝೂಮ್ ಮಾಡಿ, ಸರಿಯಾಗಿ ಪಕ್ಕದಿಂದ ಫೋಟೊ ತೆಗೆಯಿಸಿ. ಹತ್ತಿರದಿಂದ ತೆಗೆದರೆ ಅಳತೆ ಓರೆಯಾಗುತ್ತದೆ. ಟೈರಿನ ಎತ್ತರ ಗೊತ್ತಿದ್ದರೆ ಉಳಿದೆಲ್ಲವನ್ನೂ ಫೋಟೊದಿಂದಲೇ ಅಳೆಯಬಹುದು.

ಸ್ಟೇರಿಂಗಿನದ್ದು ಸಿಲಿಂಡರಿನ ತೊಂದರೆ. ನೀವು ಒಂದೇ ಸಿಲಿಂಡರ್ ಹಾಕಿರಬೇಕು. ತಳ್ಳುವ ಕಡೆ ಮುಖ ದೊಡ್ಡದು, ಎಳೆಯುವ ಕಡೆ ರಾಡು ಹಿಡಿದ ಜಾಗದಷ್ಟು ಕಮ್ಮಿ, ಹಾಗಾಗಿ ಎರಡು ಕಡೆಯ ವೇಗ ಬೇರೆಯಾಗುತ್ತದೆ. ಎರಡು ಸಿಲಿಂಡರ್ ಹಾಕಿ, ಎಡದ್ದರ ಹಿಂಭಾಗವನ್ನು ಬಲದ್ದರ ರಾಡ್ ಕಡೆಗೆ, ಬಲದ್ದರ ಹಿಂಭಾಗವನ್ನು ಎಡದ್ದರ ರಾಡ್ ಕಡೆಗೆ ಜೋಡಿಸಿ. ಆಗ ಎರಡೂ ದಿಕ್ಕಿಗೆ ಒಂದೇ ಸಮ. ತಿರುಗುವಾಗ ಗಾಡಿ ಮಡಚುವ ನಡುವಿನ ಕೀಲು ಎರಡು ಆಕ್ಸಲ್‌ಗಳಿಂದಲೂ ಸಮ ದೂರದಲ್ಲಿರಲಿ, ಆಗ ಮುಂದಿನ ಚಕ್ರ ಹೋದ ಜಾಡಿನಲ್ಲೇ ಹಿಂದಿನ ಚಕ್ರ ಬರುತ್ತದೆ. ಹಿಂದಿನ ಆಕ್ಸಲ್ ಒಂದು ಪಿನ್ನಿನ ಮೇಲೆ ಎರಡೂ ಕಡೆ ಹತ್ತು ಡಿಗ್ರಿಯಷ್ಟು ತೂಗಲು ಬಿಡಿ, ಇಲ್ಲದಿದ್ದರೆ ಅಂಗಳದ ಉಬ್ಬುತಗ್ಗಿನಲ್ಲಿ ಒಂದು ಚಕ್ರ ಗಾಳಿಯಲ್ಲೇ ಇರುತ್ತದೆ.

ಪ್ರಶ್ನೆ: ನಾನು ಹೊಸನಗರದ ಹುಡುಗಿ, ಒಂಬತ್ತನೇ ಕ್ಲಾಸು. ವಿಜ್ಞಾನ ಪ್ರದರ್ಶನಕ್ಕೆ ಸಿರಿಂಜಿನಿಂದ ಲೋಡರ್ ಮಾಡಿದ್ದೇನೆ, ಆರ್ಮು ಎಣ್ಣೆ ಡಬ್ಬದ ತಗಡಿನದ್ದು. ತಳ್ಳಿದರೆ ತಕ್ಷಣ ಏಳುವುದಿಲ್ಲ, ಸ್ಪ್ರಿಂಗ್ ತರ ಆಡುತ್ತದೆ. ನೀರಿನ ಬದಲು ಎಂಜಿನ್ ಆಯಿಲ್ ಹಾಕಲಾ?

ಉತ್ತರ: ಬೇಡ ಪುಟ್ಟಿ, ನೀರೇ ಸರಿ. ಎಂಜಿನ್ ಆಯಿಲ್ ಹಾಕಿದರೆ ಸಿರಿಂಜಿನ ರಬ್ಬರ್ ಉಬ್ಬಿ ಸಿಕ್ಕಿಹಾಕಿಕೊಳ್ಳಬಹುದು. ಸ್ಪ್ರಿಂಗ್ ತರ ಆಡುವುದು ಪೈಪಿನಲ್ಲಿ ಗಾಳಿ ಗುಳ್ಳೆ ಇರುವುದರಿಂದ. ಗಾಳಿ ಅದುಮಿಕೊಳ್ಳುತ್ತದೆ, ನೀರು ಅದುಮಿಕೊಳ್ಳುವುದಿಲ್ಲ. ಬಕೆಟ್ ತುಂಬಾ ನೀರಿಟ್ಟು, ಎರಡೂ ಸಿರಿಂಜು ಮತ್ತು ಪೈಪನ್ನು ಅದರೊಳಗೇ ಮುಳುಗಿಸಿ ಜೋಡಿಸು. ನೀರಿಗೆ ಸ್ವಲ್ಪ ಬಣ್ಣ ಹಾಕಿದರೆ ಗುಳ್ಳೆ ಕಾಣುತ್ತದೆ.

ಇನ್ನೊಂದು ಮಾಡಿ ನೋಡು. ಕೈಯಲ್ಲಿ 10 ಮಿ.ಲೀ. ಸಿರಿಂಜು, ಆರ್ಮಿನ ಕೆಳಗೆ 20 ಮಿ.ಲೀ. ಸಿರಿಂಜು ಹಾಕು. ದೊಡ್ಡದರ ಮುಖ ಚಿಕ್ಕದರ ಒಂದೂವರೆ ಪಟ್ಟಿಗಿಂತ ಹೆಚ್ಚಿರುವುದರಿಂದ ಬಲ ಅಷ್ಟು ಪಟ್ಟು ಹೆಚ್ಚುತ್ತದೆ, ಆರ್ಮು ಏಳುವ ದೂರ ಅಷ್ಟೇ ಕಮ್ಮಿಯಾಗುತ್ತದೆ. ಪ್ರದರ್ಶನಕ್ಕೆ ಬಂದವರ ಕೈಗೆ ಎರಡೂ ತರದ್ದನ್ನು ಕೊಟ್ಟರೆ ಪ್ಯಾಸ್ಕಲ್ ನಿಯಮ ಅವರಿಗೆ ಕೈಯಲ್ಲೇ ಗೊತ್ತಾಗುತ್ತದೆ. ಮೆಡಿಕಲ್ ಶಾಪಿನಿಂದ ಹೊಸ ಸಿರಿಂಜನ್ನೇ ತಾ, ಸೂಜಿ ಬೇಡ. ತಗಡಿನ ಅಂಚನ್ನು ಎಲ್ಲ ಕಡೆ ಒಳಕ್ಕೆ ಮಡಚಿ ಬಡಿ. ಕೈ ಕೊಯ್ಯುವುದೂ ತಪ್ಪುತ್ತದೆ, ಆರ್ಮೂ ಗಟ್ಟಿಯಾಗುತ್ತದೆ.

ಪ್ರಶ್ನೆ: ನಮ್ಮದು ಆಗುಂಬೆ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ಮಾಡಿಟ್ಟರೂ ತುಕ್ಕು. ಕತ್ತರಿಸಿದ ಪ್ಲೇಟು ಮರುದಿನವೇ ಕೆಂಪಗಾಗುತ್ತದೆ, ಬಣ್ಣ ಹೊಡೆದರೆ ಬೆಳ್ಳಗೆ ಮಂಕಾಗುತ್ತದೆ. ಮಾಡೆಲ್ ಕೆಲಸ ಮಳೆಗಾಲದಲ್ಲಿ ಬಿಟ್ಟೇಬಿಡಬೇಕಾ?

ಉತ್ತರ: ಬಿಡಬೇಕಾಗಿಲ್ಲ, ಕೆಲಸದ ಸರದಿ ಬದಲಾಯಿಸಿ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಜಾಗ ನಿಮ್ಮದು. ಗಾಳಿಯ ತೇವ ನೂರಕ್ಕೆ ಅರವತ್ತು ದಾಟಿದರೆ ಬರಿ ಕಬ್ಬಿಣಕ್ಕೆ ತುಕ್ಕು ಬೇಗ ಹತ್ತುತ್ತದೆ, ನಿಮ್ಮಲ್ಲಿ ಮಳೆಗಾಲವಿಡೀ ಅದಕ್ಕಿಂತ ಎಷ್ಟೋ ಮೇಲೇ ಇರುತ್ತದೆ. ಹಿತ್ತಾಳೆ ಕೆಲಸ, ಸಿಲಿಂಡರ್, ಬುಷ್, ವೈರಿಂಗ್ ಮಳೆಗಾಲಕ್ಕೆ ಇಟ್ಟುಕೊಳ್ಳಿ. ಸ್ಟೀಲ್ ಪ್ಲೇಟಿನ ಕೆಲಸ ದೀಪಾವಳಿ ಕಳೆದ ಮೇಲೆ.

ಆಗಲೇ ಕತ್ತರಿಸಿಬಿಟ್ಟ ಭಾಗಗಳಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪಿಗೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಬರುತ್ತದೆ. ಎಣ್ಣೆ ಸವರಿ ಮರದ ಪೆಟ್ಟಿಗೆಯಲ್ಲಿಡಿ, ಒಳಗೆ ಹಳೇ ಕಾಲದ 15 ವಾಟಿನ ಬಿಸಿಯಾಗುವ ಬಲ್ಬ್ ಉರಿಯಲಿ. ಭಾಗಗಳಿಂದಲೂ ಹಲಗೆಯಿಂದಲೂ ಬಲ್ಬು ದೂರ ಇರಬೇಕು. ಒಳಗಿನ ಗಾಳಿ ಸ್ವಲ್ಪ ಬೆಚ್ಚಗಿದ್ದರೆ ಸಾಕು, ತೇವ ಕೂರುವುದಿಲ್ಲ. ಬೆಸುಗೆ ಮಾಡಿದ ಜಾಗದ ಫ್ಲಕ್ಸನ್ನು ಅದೇ ದಿನ ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ, ಬಿಟ್ಟರೆ ಬಣ್ಣದ ಕೆಳಗೇ ತಿನ್ನುತ್ತಾ ಹೋಗುತ್ತದೆ.

ಬಣ್ಣ ಬೆಳ್ಳಗಾಗುವುದು ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುವುದರಿಂದ. ಹೊಡೆಯುವ ಮೊದಲು ಲೋಹವನ್ನು ಬೆಚ್ಚಗೆ ಮಾಡಿ, ಬಚ್ಚಲೊಲೆಯ ಹತ್ತಿರ ಅರ್ಧ ಗಂಟೆ ಇಟ್ಟರೂ ಆಗುತ್ತದೆ. ಆದರೆ ಸ್ಪ್ರೇ ಡಬ್ಬಿ, ಥಿನ್ನರ್ ಎರಡನ್ನೂ ಒಲೆಯ ಸುತ್ತ ತರಲೇಬೇಡಿ, ಭಾಗವನ್ನು ಹೊರಗೆ ಒಯ್ದು ಜಗಲಿಯಲ್ಲಿ ಹೊಡೆಯಿರಿ. ಮೊದಲು ಜಿಂಕ್ ಫಾಸ್ಫೇಟ್ ಪ್ರೈಮರ್, ಅಲ್ಯೂಮಿನಿಯಂ ಭಾಗಗಳಿಗೆ ಎಚ್ (etch) ಪ್ರೈಮರ್, ಅಂದರೆ ಲೋಹಕ್ಕೆ ಕಚ್ಚಿಕೊಳ್ಳುವ ಪ್ರೈಮರ್, ಆಮೇಲೆ ಹಳದಿ. ತೆಳ್ಳಗೆ ಎರಡು ಮೂರು ಸಲ. ಸಿಲಿಂಡರ್ ರಾಡಿಗೆ, ಪಿನ್ ತೂತಿನ ಒಳಗೆ ಬಣ್ಣ ತಾಗದ ಹಾಗೆ ಮೊದಲೇ ಟೇಪ್ ಸುತ್ತಿ. ರಾಡಿನ ಮೇಲೆ ಒಣಗಿದ ಒಂದು ಹನಿ ಬಣ್ಣ ಇದ್ದರೂ ಗ್ಲ್ಯಾಂಡಿನ ಓ-ರಿಂಗ್ ಹರಿಯುತ್ತದೆ.